ನೀಲಿ ಅಂಗಿಯ ಜೇಬಿನಲ್ಲಿ ಹದಿನೇಳು ಚೀಟಿ

ಲಾಂಡ್ರಿಯಲ್ಲಿ ಒಂದು ನಿಯಮವಿದೆ. ಜೇಬು ತಡಕದೆ ಬಟ್ಟೆಯನ್ನು ನೀರಿಗೆ ಇಳಿಸಬಾರದು. ಪೆನ್ನಿದ್ದರೆ ಅಂಗಿ ಹಾಳು, ಕಾಗದವಿದ್ದರೆ ಕಾಗದ ಹಾಳು, ಬೈಗುಳ ಮಾತ್ರ ಎರಡಕ್ಕೂ ಲಾಂಡ್ರಿಯವಳಿಗೆ.

ಬೀದಿಯವರೆಲ್ಲ ಕೆಂಡಕ್ಕ ಅಂತ ಕರೆಯುತ್ತಿದ್ದ ಹೆಂಗಸು ಇಪ್ಪತ್ತು ವರ್ಷದಿಂದ ಈ ನಿಯಮ ತಪ್ಪಿದವಳಲ್ಲ. ಆ ಹೆಸರು ಬಂದದ್ದು ಅವಳ ಇಸ್ತ್ರಿ ಪೆಟ್ಟಿಗೆಯ ಕೆಂಡದಿಂದಲೋ ನಾಲಿಗೆಯ ಕೆಂಡದಿಂದಲೋ, ಅವಳೆದುರು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಬುಧವಾರ ಅವಳ ಕೈ ಬಟ್ಟೆಯ ಮೇಲಿತ್ತು, ಮನಸ್ಸು ಮಗಳ ಮೇಲಿತ್ತು. ಮೊದಲ ಸಲ ಇಲ್ಲಿ ಸೀಟು ಸಿಗದೆ ಮಗಳು ಸೋದರಮಾವನ ಊರಿನ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದಳು. ಈಗ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಬಂದಿದ್ದಳು. ಸೀಟು ಸಿಕ್ಕ ದಿನ ಕೆಂಡಕ್ಕ ಬಟ್ಟೆ ಕೊಡಲು ಬಂದವರಿಗೆಲ್ಲ ಕೇಳದೆಯೇ ಆ ಸುದ್ದಿ ಹೇಳಿ ಕಳಿಸಿದ್ದಳು. ಇವತ್ತು ತಿಂಡಿಯ ಹೊತ್ತಿಗೆ ಆ ಮಗಳೇ ಒಂದು ಅರ್ಜಿ ಬರೆದು ತಂದು ಮುಂದೆ ಹಿಡಿದಳು.

"ಅಮ್ಮಾ, ಶುಕ್ರವಾರ ಇದನ್ನ ಆಫೀಸಿಗೆ ಕೊಟ್ಟುಬಿಡ್ತೀನಿ. ಟಿ.ಸಿ. ತಗೊಂಡು ಮಾವನ ಊರಿಗೇ ವಾಪಸ್ ಹೋಗ್ತೀನಿ."

"ಏನಂದೆ? ಒಂದು ವರ್ಷ ಮಣ್ಣುಪಾಲಾಗುತ್ತಲ್ಲೇ!"

"ಇಲ್ಲಿದ್ರೂ ಆಗೋದು ಅದೇ. ತಿಂಗಳ ಕೊನೆಗೆ ಪ್ರಾಜೆಕ್ಟ್ ವರದಿ ಕೊಡ್ಬೇಕು. ನನ್ನ ಕೈಲಿ ಒಂದು ಪುಸ್ತಕ ಇಲ್ಲ. ದಿನಾ ಲೈಬ್ರರಿಲಿ ಚೀಟಿ ಹಾಕ್ತೀನಿ, ಬೆಂಚಿನ ಮೇಲೆ ಕೂತು ಕಾಯ್ತೀನಿ. ಒಂದು ದಿನವೂ ಕರೆದಿಲ್ಲ. ಹೊರಗಿಂದ ಬಂದೋರಿಗೆ ಕೊಡಲ್ಲ ಅಂತ ಕಾಣುತ್ತೆ."

"ಬಾಯಿಬಿಟ್ಟು ಕೇಳಿದ್ಯಾ?"

"ಏನಂತ ಕೇಳ್ಲಿ? ಮೂರನೇ ವರ್ಷದೋಳಿಗೆ ಪುಸ್ತಕ ತಗೊಳ್ಳೋಕೂ ಬರಲ್ವಾ ಅಂತ ನಗ್ತಾರೆ. ಕ್ಲಾಸಿನವರೆಲ್ಲ ಎರಡು ವರ್ಷದಿಂದ ಜೊತೆಗಿರೋರು. ನಾನು ನಡುವೆ ಬಂದು ತೂರಿಕೊಂಡೋಳು."

ಅಷ್ಟು ಹೇಳಿ ಮಗಳು ಹೊರಟುಹೋದಳು. ಕೆಂಡಕ್ಕನಿಗೆ ಸಿಟ್ಟು ನೆತ್ತಿಗೇರಿತು. ಮಗಳ ಮೇಲೋ ಲೈಬ್ರರಿಯ ಮೇಲೋ ತಿಳಿಯದೆ, ಕೈಗೆ ಸಿಕ್ಕ ದಿಂಬಿನ ಚೀಲದ ಮೇಲೆ ಪೆಟ್ಟಿಗೆ ಒತ್ತಿ ತೀರಿಸಿಕೊಂಡಳು. ಅಷ್ಟು ನೀಟಾದ ದಿಂಬಿನ ಚೀಲ ಆ ಗಿರಾಕಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆಮೇಲೆ ಒಗೆಯುವ ಗಂಟು ಬಿಚ್ಚಿದಳು. ವಾರಕ್ಕೆ ಐದು ನೀಲಿ ಅಂಗಿ ಕೊಡುವ ಗಿರಾಕಿಯೊಬ್ಬರದ್ದು. ಮಾತು ಕಮ್ಮಿ, ಕನ್ನಡಕ ದಪ್ಪ. ಎಲ್ಲಿ ಕೆಲಸ ಅಂತ ಇವಳು ಕೇಳಿದವಳಲ್ಲ, ಅವರು ಹೇಳಿದವರಲ್ಲ. ಮೂರನೇ ಅಂಗಿಯ ಜೇಬಿಗೆ ಕೈ ಹಾಕಿದರೆ ರಬ್ಬರ್ ಬ್ಯಾಂಡು ಸುತ್ತಿದ ಚೀಟಿಗಳ ಕಟ್ಟು.

ಮೇಲಿನ ಚೀಟಿ ನೋಡಿದವಳೇ ಅಲ್ಲೇ ಕೂತಳು. ಅಂಗಡಿಯ ಗಂಟುಗಳಿಗೆಲ್ಲ ಗಿರಾಕಿಯ ನಂಬರು ಬರೆದು ಪಿನ್ನು ಚುಚ್ಚುವವಳು ಮಗಳೇ. ಏಳು ಬರೆದರೆ ನಡುವೆ ಒಂದು ಅಡ್ಡಗೆರೆ ಎಳೆಯುವುದು ಅವಳ ಚಾಳಿ. ಈ ಚೀಟಿಗಳಲ್ಲಿ ಒಂದೊಂದು ಪುಸ್ತಕದ ಹೆಸರು, ಮೂಲೆಯಲ್ಲಿ 77. ಎರಡು ಏಳು, ಎರಡಕ್ಕೂ ಅಡ್ಡಗೆರೆ. ಎಣಿಸಿದಳು. ಹದಿನೇಳು ಚೀಟಿ.

ಸಂಜೆ ನೀಲಿ ಅಂಗಿಯವರು ಬಂದರು. "ಹೋದ ವಾರದ್ದು ಆಯ್ತೇನಮ್ಮಾ?"

"ಬಟ್ಟೆ ಆಮೇಲೆ." ಕೆಂಡಕ್ಕ ಕಟ್ಟನ್ನು ಮೇಜಿನ ಮೇಲೆ ಬಡಿದಳು. "ನನ್ನ ಮಗಳು ಬರೆದ ಚೀಟಿ ನಿಮ್ಮ ಜೇಬಲ್ಲಿ ಯಾಕಿದೆ? ಅವಳು ಅಲ್ಲಿ ಬೆಂಚು ಸವೆಸ್ತಾ ಕೂತಿದ್ದಾಳೆ, ನೀವು ಇದನ್ನ ಜೇಬಲ್ಲಿಟ್ಕೊಂಡು ಮೆರವಣಿಗೆ ಹೊರಟಿದ್ದೀರಾ?"

ಬೈಸಿಕೊಂಡ ಮನುಷ್ಯನಿಗೆ ಸಿಟ್ಟು ಬರಬೇಕಿತ್ತು. ಅವರ ಮುಖ ಅರಳಿತು. "ಎಪ್ಪತ್ತೇಳು ನಿಮ್ಮ ಮಗಳಾ? ಅಯ್ಯೋ ತಾಯಿ, ಮೂರು ವಾರದಿಂದ ಹುಡುಕ್ತಾ ಇದ್ದೀನಿ!"

"ಹುಡುಕೋಕೆ ನೀವ್ಯಾರು?"

"ವಿಶ್ವವಿದ್ಯಾಲಯದ ಗ್ರಂಥಪಾಲಕ. ಲೈಬ್ರರಿ ನೋಡ್ಕೊಳ್ಳೋನು. ನಮ್ಮಲ್ಲಿ ಎಪ್ಪತ್ತೇಳನೇ ನಂಬರಿನ ಹುಡುಗನೊಬ್ಬ ಇದ್ದಾನೆ. ಕರೆಸಿ ಕೇಳಿದೆ. 'ಸಾರ್, ನಾನು ಲೈಬ್ರರಿ ಕಡೆ ತಲೆ ಹಾಕಿಯೂ ಮಲಗೋನಲ್ಲ' ಅಂದ. ಅದಕ್ಕೇ ಚೀಟಿ ಹಿಡ್ಕೊಂಡು ಒಂದೊಂದು ವಿಭಾಗಕ್ಕೂ ಹೋಗಿ ಕೇಳ್ತಾ ಇದ್ದೆ."

ಅಷ್ಟರಲ್ಲಿ ಮಗಳು ಬಂದಳು. ಚೀಟಿ ನೋಡಿ ಬಾಗಿಲಲ್ಲೇ ನಿಂತಳು.

"ಬಾಮ್ಮಾ. ಇದನ್ನ ಎಲ್ಲಿ ಹಾಕ್ತಿದ್ದೆ?" ಅಂದರು ಗ್ರಂಥಪಾಲಕರು.

"ಬಾಗಿಲ ಪಕ್ಕದ ಗೋಡೆ ಕಿಂಡೀಲಿ ಸಾರ್. ನಮ್ಮ ಹಳೇ ಕಾಲೇಜಲ್ಲಿ ಹಾಗೇ. ಲೈಬ್ರರಿ ಒಳಗೆ ಬಿಡಲ್ಲ. ಪುಸ್ತಕದ ಹೆಸರು, ನಮ್ಮ ರೋಲ್ ನಂಬರು ಬರೆದು ಕಿಂಡೀಲಿ ಹಾಕಿ ಬೆಂಚಲ್ಲಿ ಕೂರೋದು. ನಂಬರು ಕೂಗ್ತಾರೆ, ಹೋಗಿ ತಗೊಳ್ಳೋದು."

"ಅಲ್ಲಿನ ನಂಬರನ್ನೇ ಇಲ್ಲೂ ಬರೆದೆಯಾ?"

"ಹೂಂ. ಎರಡು ವರ್ಷದ ಅಭ್ಯಾಸ..."

"ನಮ್ಮ ಕಿಂಡಿ ಓದಿ ಮುಗಿಸಿದ ಪುಸ್ತಕ ವಾಪಸ್ ಹಾಕೋಕೆ ಇರೋದಮ್ಮಾ. ಅದರ ಮೇಲಿನ ಬರಹ ಅಳಿಸಿಹೋಗಿ ವರ್ಷವಾಯ್ತು, ನಾವು ಬಣ್ಣ ಹೊಡೆಸಿಲ್ಲ. ಮೊದಲ ವರ್ಷದವರನ್ನ ಕರ್ಕೊಂಡು ಹೋಗಿ ಎಲ್ಲಾ ತೋರಿಸ್ತೀವಿ. ಮೂರನೇ ವರ್ಷಕ್ಕೆ ಬಂದೋರನ್ನ ಯಾರೂ ತೋರಿಸೋಕೆ ಕರೆಯಲ್ಲ. ನಿನ್ನದೊಂದು ತಪ್ಪಾದರೆ ನಮ್ಮದು ಎರಡು."

ಮಗಳು ತಲೆ ತಗ್ಗಿಸಿದಳು. ತಾಯಿ ಮಾತ್ರ ಬಿಡಲಿಲ್ಲ. "ಬಣ್ಣದ ಮಾತು ಬಣ್ಣದವನ ಹತ್ರ ಆಡಿ. ಹೊರಗಿಂದ ಬಂದೋಳಿಗೆ ಪುಸ್ತಕ ಕೊಡ್ತೀರೋ ಇಲ್ವೋ?"

"ಯಾವ ಹೊರಗಮ್ಮಾ? ಗುರುತಿನ ಕಾರ್ಡು ಕೊಟ್ಟ ದಿನದಿಂದ ಅವಳು ನಮ್ಮೋಳು. ಆ ಕಾರ್ಡು ತಂದು ಕೌಂಟರಿನಲ್ಲಿ ಒಂದ್ಸಲ ಹೆಸರು ಬರೆಸ್ಬೇಕು, ಅಷ್ಟೇ. ಮೊದಲ ವರ್ಷದವರದ್ದು ಒಟ್ಟಿಗೆ ಆಗಿಬಿಡುತ್ತೆ, ನಡುವೆ ಬಂದೋರು ತಾವೇ ಬಂದು ಮಾಡಿಸ್ಕೋಬೇಕು. ಆಮೇಲೆ ಒಳಗೆ ಹೋಗಿ ಕಪಾಟಿಂದ ಬೇಕಾದ್ದು ತೆಗೀಬಹುದು. ಎಲ್ಲಿದೆ ಅಂತ ಕಂಪ್ಯೂಟರು ಹೇಳುತ್ತೆ. ಮನೆಗೆ ತರಬಹುದು. ರಾಶಿ ಲೇಖನಗಳು ಮೊಬೈಲಿನಲ್ಲೇ ಓದೋಕೆ ಸಿಗ್ತಾವೆ, ಅದಕ್ಕೊಂದು ಪಾಸ್‌ವರ್ಡು ಕೊಡ್ತೀವಿ."

"ನನಗೆ ಬೇಕಾದ ಪುಸ್ತಕ ನಿಮ್ಮಲ್ಲಿ ಇಲ್ದಿದ್ರೆ ಸಾರ್?" ಮಗಳು ಮೆಲ್ಲಗೆ ಕೇಳಿದಳು.

"ಬೇರೆ ಲೈಬ್ರರಿಯಿಂದ ತರಿಸೋಕೆ ನೋಡ್ತೀವಿ. ವರದಿಗೆ ಏನು ಓದ್ಬೇಕು, ಯಾವುದನ್ನ ಎಲ್ಲಿಂದ ತಗೊಂಡೆ ಅಂತ ಹೇಗೆ ನಮೂದಿಸ್ಬೇಕು, ಅದನ್ನೂ ಹೇಳಿಕೊಡ್ತೀವಿ. ಅಂದಹಾಗೆ ನಿನ್ನ ವಿಷಯ ಏನು? ಈ ಚೀಟಿ ನೋಡಿದ್ರೆ ಎಲ್ಲಾ ನೂಲು, ನಾರು, ಶಾಖ ಅಂತಿದೆ."

"ಬಿಸಿಗೆ ಹತ್ತಿ ಬಟ್ಟೆ ಏನಾಗುತ್ತೆ ಅಂತ ಸಾರ್."

"ಅಯ್ಯೋ ನಿನ್ನ!" ಕೆಂಡಕ್ಕ ಹಣೆ ಚಚ್ಚಿಕೊಂಡಳು. "ಇದಕ್ಕೆ ಹದಿನೇಳು ಪುಸ್ತಕ ಬೇಕಾ? ನನ್ನ ಕೇಳಿದ್ರೆ ಆಗ್ತಿರ್ಲಿಲ್ವಾ? ಮೊದಲು ಹಳದಿಯಾಗುತ್ತೆ, ಆಮೇಲೆ ಸುಡುತ್ತೆ, ಆಮೇಲೆ ಗಿರಾಕಿ ಬೈತಾನೆ!"

ಮೂವರೂ ನಕ್ಕರು. ಗ್ರಂಥಪಾಲಕರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು, "ಅದನ್ನ ಬರೀಲೇಬೇಕು. ಹಳದಿಯಾಗುತ್ತೆ ಅಂತ ನಿಮಗೆ ಗೊತ್ತು. ಯಾಕೆ ಆಗುತ್ತೆ ಅಂತ ಪುಸ್ತಕಕ್ಕೆ ಗೊತ್ತು. ಇಬ್ಬರನ್ನೂ ಕೇಳ್ಬೇಕಾದೋಳು ನಿಮ್ಮ ಮಗಳು."

ಕೆಂಡಕ್ಕ ಒಂದು ಮಾತಿಗೆ ಕರಗುವವಳಲ್ಲ. "ಕಣ್ಣಾರೆ ಕಾಣದೆ ನಂಬಲ್ಲ" ಅಂದವಳೇ ಗುರುವಾರ ಬೆಳಿಗ್ಗೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಮಗಳ ಜೊತೆ ಹೊರಟಳು.

ಲೈಬ್ರರಿಯ ಒಳಬಾಗಿಲಲ್ಲಿ ಒಂದು ಮೇಜಿತ್ತು. ಬೇಕಾದ್ದು ಕೇಳಿ, ಅಂತ ಹಲಗೆ. ಮೇಜಿನ ಹಿಂದೆ ಒಬ್ಬ ಹೆಂಗಸು. ಕೆಂಡಕ್ಕನ ಬಾಯಿ ತೆರೆಯಿತು. ಅವಳು ಒಂದು ಸಲ ಮಗಳ ಮುಖ ನೋಡಿ, ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ಮಾತು ನುಂಗಿಕೊಂಡಳು. ಮಗಳ ಬೆನ್ನಿಗೆ ಮೊಣಕೈಯಿಂದ ಒಮ್ಮೆ ತಿವಿದಳು.

ಮಗಳು ಎರಡು ಹೆಜ್ಜೆ ಮುಂದೆ ಹೋದಳು. "ಮೇಡಂ, ನಾನು ಮೂರನೇ ವರ್ಷ. ಬೇರೆ ಕಾಲೇಜಿಂದ ಬಂದೋಳು. ನಂಗೆ ಇಲ್ಲಿ ಏನೂ ಗೊತ್ತಾಗಲ್ಲ."

ಆ ಹೆಂಗಸು ನಗಲಿಲ್ಲ. ಕುರ್ಚಿ ಎಳೆದು, "ಕೂತ್ಕೋಮ್ಮಾ, ಕಾರ್ಡು ಕೊಡು" ಅಂದಳು. ಹತ್ತು ನಿಮಿಷದಲ್ಲಿ ಹೆಸರು ಬರೆದಾಯಿತು. ಮೂರು ವಾರದಿಂದ ಆ ಹುಡುಗಿ ಹೆದರಿದ್ದು ಈ ಹತ್ತು ನಿಮಿಷಕ್ಕೆ.

ಆಮೇಲೆ ಗ್ರಂಥಪಾಲಕರು ಇಬ್ಬರನ್ನೂ ಒಂದು ಕಪಾಟಿನ ಹತ್ತಿರ ಕರೆದುಕೊಂಡು ಹೋದರು. ಒಂದು ಅರೆಯಲ್ಲಿ ಪುಸ್ತಕಗಳು ಸಾಲಾಗಿ ನಿಂತಿದ್ದವು. ಹದಿನಾಲ್ಕು. ಅರೆಗೆ ಒಂದು ಕಾಗದ ಅಂಟಿಸಿತ್ತು: 'ಎಪ್ಪತ್ತೇಳು ಬಂದರೆ ಕೊಡುವುದು.'

"ಉಳಿದ ಮೂರು ನಮ್ಮಲ್ಲಿಲ್ಲ, ಬೇರೆ ಕಡೆಗೆ ಬರೆದಿದ್ದೀನಿ. ಇವು ಮೂರು ವಾರದಿಂದ ಒಂದೊಂದಾಗಿ ಸೇರಿ ನಿನ್ನ ದಾರಿ ಕಾಯ್ತಿವೆ" ಅಂದರು. ಹೊರಗೆ ಬೆಂಚಿನ ಮೇಲೆ ಇವಳು ಕಾದಿದ್ದಳು, ಒಳಗೆ ಅರೆಯ ಮೇಲೆ ಅವು ಕಾದಿದ್ದವು. ನಡುವೆ ಇದ್ದದ್ದು ಒಂದು ಗೋಡೆ, ಒಂದು ಕೇಳದೆ ಹೋದ ಮಾತು.

ಮಗಳಿಗೆ ಕಣ್ಣು ತುಂಬಿತು. ಕೆಂಡಕ್ಕ ಸೆರಗು ಎತ್ತಿಕೊಂಡದ್ದು ಮಗಳ ಕಣ್ಣೊರೆಸಲು, ಒರೆಸಿಕೊಂಡದ್ದು ತನ್ನದು.

ಶುಕ್ರವಾರ ಬೆಳಿಗ್ಗೆ ಇದ್ದಿಲು ಹಸಿಯಾಗಿತ್ತು, ಕೆಂಡ ಹಿಡಿಯಲಿಲ್ಲ. "ಆ ಟಿ.ಸಿ. ಅರ್ಜಿ ಎಲ್ಲಿಟ್ಟಿದ್ದೀಯೇ?" ಅಂತ ಕೂಗಿದಳು ಕೆಂಡಕ್ಕ. ಪುಸ್ತಕದಿಂದ ತಲೆ ಎತ್ತದೆ ಮಗಳು ಅದನ್ನು ಚಾಚಿದಳು. ಕಾಗದ ಚೆನ್ನಾಗಿ ಹೊತ್ತಿಕೊಂಡಿತು. ಪೆಟ್ಟಿಗೆ ಬಿಸಿಯಾಯಿತು.

ಓದುತ್ತಿರುವ ಮಕ್ಕಳೇ, ನಿಮಗೆ ನೇರವಾಗಿ ಹೇಳುತ್ತೇನೆ. ನಡುವೆ ಕಾಲೇಜು ಬದಲಿಸಿ ಬಂದಿದ್ದೀರಾ? ಹಾಗಾದರೆ ಯಾರೋ ಬಂದು ಕೈಹಿಡಿದು ತೋರಿಸುತ್ತಾರೆ ಅಂತ ಕಾಯಬೇಡಿ. ನಾಳೆಯೇ ಗುರುತಿನ ಕಾರ್ಡು ಹಿಡಿದು ಲೈಬ್ರರಿಗೆ ಹೋಗಿ, ಹೆಸರು ಬರೆಸಿ, "ನಾನು ಹೊಸಬ", "ನಾನು ಹೊಸಬಳು" ಅಂತ ಗಟ್ಟಿಯಾಗಿ ಹೇಳಿ. ಹಳೇ ಕಾಲೇಜಿನ ಪದ್ಧತಿಯೇ ಇಲ್ಲೂ ಇರುತ್ತದೆ ಅಂದುಕೊಳ್ಳಬೇಡಿ, ಕೇಳಿ ತಿಳಿದುಕೊಳ್ಳಿ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ. ಮೊದಲಿನಿಂದ ಅಲ್ಲೇ ಇರುವವರೇ, ನಿಮಗೂ ಒಂದು ಮಾತು: ಬೆಂಚಿನ ಮೇಲೆ ಒಬ್ಬರೇ ಸುಮ್ಮನೆ ಕೂತವರು ಕಂಡರೆ, ದಾಟಿ ಹೋಗಬೇಡಿ. "ಏನು ಬೇಕಿತ್ತು?" ಅಂತ ಕೇಳಿ. ಅಷ್ಟಕ್ಕೆ ನಿಮ್ಮ ಗಂಟೇನೂ ಹೋಗುವುದಿಲ್ಲ, ಒಬ್ಬರ ಒಂದು ವರ್ಷ ಉಳಿಯುತ್ತದೆ.