ಪಿಳ್ಳಮ್ಮನ ಔಷಧಿ ಕ್ಯಾನು

ನಾನು ಬೆಳೆಗೆ ಔಷಧಿ ಹೊಡೆಯುವ ಕ್ಯಾನು. ಕಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದು ನನ್ನನ್ನು ಮಾಡಿದರು. ಚಿಂತಾಮಣಿಯ ಅಂಗಡಿಯವನೊಬ್ಬ ಕುತ್ತಿಗೆಗೆ ಹಗ್ಗ ಕಟ್ಟಿ ಬಾಗಿಲಲ್ಲಿ ನೇತುಹಾಕಿದ. ಮೊದಲು ಕೊಂಡವನು ಟೊಮೆಟೊ ಬೆಳೆಯುವವನು, ಶುದ್ಧ ಸೋಮಾರಿ. ಒಂದು ದಿನವೂ ನನ್ನನ್ನು ತೊಳೆಯಲಿಲ್ಲ. ಕೊಳವೆ ಕಟ್ಟಿಕೊಂಡಾಗ ದರಿದ್ರದ್ದು ಎಂದು ಬೈದು ಪಿಳ್ಳಮ್ಮನಿಗೆ ಮಾರಿದ.

ಪಿಳ್ಳಮ್ಮ ಗಂಡ ಸತ್ತವಳು. ಚನ್ನಕೃಷ್ಣಪ್ಪನ ಒಂದು ಎಕರೆಯನ್ನು ಬಾಯಿಮಾತಿನ ಗುತ್ತಿಗೆಗೆ ಹಿಡಿದು ಸೇವಂತಿಗೆ ಇಟ್ಟಿದ್ದಳು. ಸೂಜಿಯಿಂದ ನನ್ನ ಕೊಳವೆ ಬಿಡಿಸಿ, ಸೀಗೆಪುಡಿ ಹಾಕಿ ತೊಳೆದಳು. ಅವಳ ಬೆನ್ನ ಮೇಲೆ ಕೂತು ಆ ಹೊಲವನ್ನು ಎಷ್ಟು ಸಲ ಸುತ್ತಿದೆನೋ. ಚನ್ನಕೃಷ್ಣಪ್ಪ ಬದು ಇಳಿದದ್ದನ್ನು ನಾನು ನೋಡಿಲ್ಲ.

ಕೊರೋನಾ ಬಂತು. ಹೂವು ತುಂಬಿ ನಿಂತಾಗ ಮಾರುಕಟ್ಟೆಗೆ ಬೀಗ ಬಿತ್ತು. ಗಿಡದಲ್ಲೇ ಬಿಟ್ಟರೆ ಕೊಳೆತು ರೋಗ ಹಿಡಿಯುತ್ತದೆ ಎಂದು ಅವಳು ಹೂವು ಕಿತ್ತು ಕಿತ್ತು ತಿಪ್ಪೆಗೆ ಸುರಿದಳು. ಗಿಡ ಉಳಿಯಲಿ ಎಂದು ನನ್ನನ್ನು ಹೊರುವುದನ್ನು ಮಾತ್ರ ಬಿಡಲಿಲ್ಲ. ಸರ್ಕಾರ ಹೂವಿನ ಬೆಳೆಗಾರರಿಗೆ ಪರಿಹಾರ ಕೊಡುತ್ತದೆ ಎಂಬ ಸುದ್ದಿ ಬಂದಾಗ, ಆ ದುಡ್ಡಲ್ಲಿ ಹೊಸ ನಾರು, ಅಂದರೆ ಸೇವಂತಿಗೆ ಸಸಿ, ತಂದು ಮತ್ತೆ ಹೂವು ಇಡಬೇಕು ಎಂದುಕೊಂಡಳು.

ಸಮೀಕ್ಷೆಯವನು ಮೊಬೈಲು ಹಿಡಿದು ಬಂದ. ಚನ್ನಕೃಷ್ಣಪ್ಪನೂ ಟವೆಲು ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಬಂದು ನಿಂತ.

"ಬೆಳೆ ಯಾರ್ದಮ್ಮಾ? ಗುತ್ತಿಗೆಗೆ ಮಾಡಿದ್ರೆ ಅದನ್ನೂ ಹೇಳಿ, ಬರ್ಕೊಂತೀನಿ."

ನಮ್ಮೂರಲ್ಲಿ ಹೊಲದ ಯಜಮಾನ ಎದುರಿಗಿದ್ದಾಗ ಗುತ್ತಿಗೆಯವರು ನನ್ನ ಬೆಳೆ ಎನ್ನುವಂತಿಲ್ಲ. ಅಂದರೆ ಕೊಬ್ಬು ಎನ್ನುತ್ತಾರೆ. ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು.

"ನಮ್ಮಣ್ಣೋರ್ದೇ ಹೂವು ಕಣಪ್ಪಾ."

ಅದು ಮರ್ಯಾದೆಗೆ ಆಡಿದ ಮಾತೆಂದು ಚನ್ನಕೃಷ್ಣಪ್ಪನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಸಮೀಕ್ಷೆಯವನು ಫೋಟೋ ತೆಗೆಯುವಾಗ ಮೊಬೈಲಿಗೆ ಮುಖ ಕೊಟ್ಟು ನಿಂತ. ನನಗೆ ಬಾಯಿದ್ದಿದ್ದರೆ ಅಲ್ಲೇ ಉಗಿಯುತ್ತಿದ್ದೆ. ನನಗಿರುವುದು ಕೊಳವೆ, ಅದರ ಹಿಡಿ ಇದ್ದದ್ದು ಪಿಳ್ಳಮ್ಮನ ಕೈಯಲ್ಲಿ.

ಪರಿಹಾರ ಅವನ ಖಾತೆಗೆ ಬಂತು. ಕೇಳಲು ಹೋದಾಗಲೂ ನಾನು ಅವಳ ಬೆನ್ನ ಮೇಲೇ ಇದ್ದೆ.

"ಅಣ್ಣಾ, ಹೂವಿನ ದುಡ್ಡು..."

"ಅಣ್ಣೋರ ಹೂವು ಅಂದೋಳು ನೀನೇ ಅಲ್ವೇನಮ್ಮಿ? ನಾನೇನ್ ನಿನ್ ಬಾಯಿಗೆ ಕೋಲಾಕಿ ಹೇಳಿಸಿದ್ನಾ?" ಎಂದು ನಕ್ಕ. "ಹಬ್ಬಕ್ಕೊಂದು ಸೀರೆ ಕೊಡಿಸ್ತೀನಿ ಬಿಡು."

"ಸೀರೆ ನಿಮ್ಮನೆಯೋರೇ ಉಡ್ಲಿ," ಎಂದು ಬಂದಳು.

ನಾರು ತರಲಾಗಲಿಲ್ಲ. ಬಿತ್ತದ ಹೊಲ ಅವನಿಗೇ ವಾಪಸಾಯಿತು. ಪಿಳ್ಳಮ್ಮ ಕೂಲಿಗೆ ಹೊರಟಳು. ನಾನು ಗೋಡೆಯ ಮೂಲೆ ಸೇರಿದೆ.

ಕೆಲವು ತಿಂಗಳ ಮೇಲೆ ಅವನೇ ಅವಳ ಬಾಗಿಲಿಗೆ ಬಂದ. "ಈ ಸಲ ಆಳಿಟ್ಟು ನಾನೇ ಹೂವು ಮಾಡಿಸ್ತೀನಿ. ನಿನ್ ಕ್ಯಾನು ಸುಮ್ನೆ ಬಿದ್ದೈತಲ್ಲ, ಕೊಡು."

ಪಿಳ್ಳಮ್ಮ ನನ್ನನ್ನು ಅಂಗಳಕ್ಕೆ ತಂದಿಟ್ಟಳು. ಒಳಗೆ ಹೋಗಿ ಗುದ್ದಲಿ ತಂದಳು. ಒಂದೇ ಏಟಿಗೆ ನನ್ನ ಹೊಟ್ಟೆ ಸೀಳಿತು.

"ಒಡ್ದೋಗೈತಣ್ಣಾ," ಎಂದಳು. "ಬೇಕಿದ್ರೆ ತಗೊಂಡೋಗಿ."

ಈಗ ಗುಡಿಸಲ ಹಿಂದೆ ಬಿದ್ದಿದ್ದೇನೆ. ಗುಜರಿಯವನು ಯಾವತ್ತು ಎತ್ತಿಕೊಂಡು ಹೋದರೂ ಸರಿ. ಆ ಏಟು ನನಗೆ ನೋಯಲಿಲ್ಲ. ಹೂವನ್ನು ತಿಪ್ಪೆಗೆ ಸುರಿದ ದಿನವೂ ಕಣ್ಣೀರು ಹಾಕದವಳು, ಅವನು ಹೋದ ಮೇಲೆ ಗುದ್ದಲಿಯನ್ನು ಅಲ್ಲೇ ಬಿಟ್ಟು, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು ಅತ್ತಳಲ್ಲ, ಅದು ನೋಯುತ್ತದೆ.