ಹೊಳೆಯಾಚೆಯ ಮೇಕೆಗಳು

ನನ್ನ ಗಂಡ ಬೆಲಿಸಾರಿಯೊ ಒಡಹುಟ್ಟಿದ ಅಕ್ಕನ ಮೇಕೆಗೆ ಗುಂಡು ಹೊಡೆದ ವರ್ಷ ನಮ್ಮ ಬೆಟ್ಟಗಳಲ್ಲಿ ಹಿಮ ಬೇಗ ಬಿತ್ತು. ಆ ಗುಂಡಿನ ಸದ್ದು ಕೇಳಿದವರು ನಾವು ನಾಲ್ಕೇ ಜನ. ಆದರೆ ಬರ್ರಾಂಕಾಸ್ ಹೊಳೆಯ ಎರಡು ದಡದಲ್ಲೂ ಆ ವಿಷಯ ಮಾತಾಡದ ಮನೆಯಿಲ್ಲ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ನಾನು ಅಲ್ಲೇ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಓರ್ಫೆಲಿನಾ ನನ್ನ ಗಂಡನ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಅವಳು. ಅವಳೂ ಅವಳ ಗಂಡ ಎವರಿಸ್ತೊನೂ ಮೇಕೆ ಕಾಯುವವರು. ಚಳಿಗಾಲದಲ್ಲಿ ಅವರ ವಾಸ ದಕ್ಷಿಣ ದಡದಲ್ಲಿ, ನಮ್ಮ ಮನೆಯಿಂದ ಕುದುರೆಯ ಮೇಲೆ ಅರ್ಧ ದಿನದ ದಾರಿ. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು, ಹೊಳೆ ದಾಟಿ, ಉತ್ತರದ ಬೆಟ್ಟ ಹತ್ತಿ ವೇಗಾ ಲಾರ್ಗಾ ಎಂಬ ಹುಲ್ಲುಗಾವಲು ಸೇರುತ್ತಿದ್ದರು. ಭೂಮಿಯ ದಕ್ಷಿಣ ತುದಿಯ ನಮ್ಮ ಸೀಮೆಯಲ್ಲಿ ಚಳಿ ಶುರುವಾಗುವುದೇ ಏಪ್ರಿಲ್‌ನಲ್ಲಿ, ಅದು ಹಿಡಿಯುವ ಮುಂಚೆ ಇಳಿದು ಬರುತ್ತಿದ್ದರು. ಅವಳ ಅಜ್ಜಿಯೂ ಹಾಗೇ ಬದುಕಿದವಳು. ನಾವು ಮಾತ್ರ ದನ ಕಟ್ಟಿಕೊಂಡು ದಕ್ಷಿಣದಲ್ಲೇ ನೆಲೆನಿಂತೆವು.

ಸರ್ಕಾರ ಆ ಹೊಳೆಯನ್ನೇ ಗಡಿ ಮಾಡಿತು. ದಕ್ಷಿಣದಲ್ಲಿ ಕಾಲುಬಾಯಿ ರೋಗವಿಲ್ಲ, ಆದ್ದರಿಂದ ಲಸಿಕೆಯೂ ಇಲ್ಲ. ಉತ್ತರದಲ್ಲಿ ದನಗಳಿಗೆ ಲಸಿಕೆ ಹಾಕಿಸಲೇಬೇಕು. ಉತ್ತರದ ಗೊರಸು ಈಚೆ ದಡ ತುಳಿಯಕೂಡದು, ಮೂಳೆಯಿರುವ ಮಾಂಸವೂ ಬರಕೂಡದು. ಎಲ್ಲೋ ಒಂದು ಮೂಲೆಯಲ್ಲಿ ರೋಗ ಬಂತೆಂದು ಇಡೀ ದೇಶದ ಮಾಂಸವನ್ನು ಬೇಡವೆನ್ನದೆ, ಆಯಾ ಸೀಮೆಯ ಸ್ಥಿತಿ ನೋಡಿ ಕೊಳ್ಳುತ್ತೇವೆ ಎಂದು ಸಮುದ್ರದಾಚೆಯ ದೇಶದವರು ಒಪ್ಪಿದ್ದು ಈ ಗೆರೆ ಎಳೆದ ಮೇಲೆಯೇ. ಅದರಿಂದ ನಮ್ಮ ಕಣಿವೆಗೆ ಕಸಾಯಿಖಾನೆ ಬಂತು, ರಸ್ತೆ ಬಂತು. ನಮ್ಮ ಮನೆಗೆ ತಗಡಿನ ಸೂರು ಬಂದದ್ದೂ ಆಗಲೇ.

ಓರ್ಫೆಲಿನಾಳಂಥ ಕೆಲವು ಮನೆಯವರಿಗೆ ಮಾತ್ರ ಗೆರೆ ಹೊಟ್ಟೆಯ ಮೇಲೇ ಬಿದ್ದಿತ್ತು. ಚಳಿಗಾಲದ ಮನೆ ಈಚೆ, ಬೇಸಿಗೆಯ ಮೇವು ಆಚೆ. ಇವಾನಾ ಎಂಬ ಪಶುವೈದ್ಯೆ ಅಲೆದಾಡಿ ಅವರಿಗೊಂದು ದಾರಿ ಮಾಡಿಸಿದ್ದಳು. ಮೇಕೆಗಳ ಕಿವಿಗೆ ಹಳದಿ ಬಿಲ್ಲೆ ಹಾಕಬೇಕು, ಹೋಗುವಾಗ ರಕ್ತ ಪರೀಕ್ಷೆ, ಬರುವಾಗ ರಕ್ತ ಪರೀಕ್ಷೆ.

"ನಮ್ಮ ಮೇಕೆಗಳಿಗೆಲ್ಲ ಓಲೆ ಬಂತು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಒಂದು ಜೊತೆ ಕೊಡಿಸಲಿಲ್ಲ ಈ ಮನುಷ್ಯ," ಎಂದು ಅತ್ತಿಗೆ ನಗುತ್ತಿದ್ದಳು.

"ನಿನಗೂ ರಕ್ತ ಪರೀಕ್ಷೆ ಮಾಡಿಸು, ಪಾಸಾದರೆ ಕೊಡಿಸ್ತೀನಿ," ಎನ್ನುತ್ತಿದ್ದ ಎವರಿಸ್ತೊ.

ಆ ವರ್ಷ ಮಾರ್ಚ್‌ನಲ್ಲಿ, ಉತ್ತರದ ಬಯಲಿನಲ್ಲಿ, ನಮ್ಮಿಂದ ಲಾರಿಯಲ್ಲಿ ಎರಡು ದಿನದ ದೂರದ ಯಾವುದೋ ಊರಲ್ಲಿ ಒಂದು ಹಸು ಜೊಲ್ಲು ಸುರಿಸತೊಡಗಿತು. ನಾಲಿಗೆಯ ಮೇಲೆ ಗುಳ್ಳೆ. ಸುದ್ದಿ ಬಂದ ಸಂಜೆಯೇ ಹೊಳೆ ದಂಡೆಯ ತಪಾಸಣೆ ಗೇಟು ಮುಚ್ಚಿತು. ಆಚೆ ದಡದಲ್ಲೂ ಯಾವ ಜಾನುವಾರೂ ಇದ್ದ ಜಾಗ ಬಿಟ್ಟು ಕದಲುವಂತಿಲ್ಲ, ಮಾರುವಂತಿಲ್ಲ. ಅತ್ತಿಗೆಯ ಹಿಂಡು ಮೇಲಿತ್ತು.

ಬೆಲಿಸಾರಿಯೊನೂ ನಾನೂ ಗೇಟಿಗೆ ಹೋಗಿ ಇವಾನಾಳನ್ನು ಕಂಡೆವು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಗಿದ್ದವು.

"ಡಾಕ್ಟರಮ್ಮ, ಆ ಹಸು ಎಲ್ಲಿ, ಈ ಬೆಟ್ಟ ಎಲ್ಲಿ? ನಡುವೆ ಒಂದು ರಸ್ತೆನಾದ್ರೂ ಇದೆಯಾ?" ಎಂದು ಕೇಳಿದ ನನ್ನ ಗಂಡ.

"ಇಲ್ಲ ಅಂತ ಬರೆದಿದೀನಿ ಬೆಲಿಸಾರಿಯೊ. ಈ ಬೆಟ್ಟವನ್ನ ಬೇರೆ ಸೀಮೆ ಅಂತಲೇ ನೋಡಿ ಅಂತ ಬರೆದೆ. ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಆದ್ರೆ ಕೊಳ್ಳೋರು ಒಪ್ಪಬೇಕಲ್ಲ? 'ನಮಗೆ ಮನವರಿಕೆ ಮಾಡಿಕೊಡಿ, ಅಲ್ಲೀತನಕ ಗೆರೆ ಹೊಳೆಯೇ' ಅಂತಾರೆ."

"ಅಲ್ಲೀತನಕ ಮೇಕೆ ಏನು ತಿನ್ನಬೇಕು?"

"ಅದನ್ನೂ ಬರೆದಿದೀನಿ," ಎಂದಳು.

ಏಪ್ರಿಲ್ ಮಧ್ಯದಲ್ಲಿ ಮೊದಲ ಹಿಮ ಬಿತ್ತು. ಬೆಟ್ಟದಲ್ಲಿ ಫೋನು ಸಿಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ರೇಡಿಯೊದಲ್ಲಿ ಜನರ ಸಂದೇಶ ಓದುತ್ತಾರೆ. ಇಂಥವರಿಗೆ ಮಗು ಹುಟ್ಟಿತು, ಇಂಥವರು ಕುದುರೆ ತರಲಿ, ಹೀಗೆ. ಎವರಿಸ್ತೊ ಉತ್ತರದ ಪೇಟೆಗೆ ಇಳಿದು ಹೋಗಿ ಅಲ್ಲಿಂದ ಸಂದೇಶ ಕೊಟ್ಟಿದ್ದ. ನಾವು ಬೇಯಿಸಿದ ಗೋಧಿ ಉಣ್ಣುತ್ತ ಕೂತಿದ್ದಾಗ ಕೇಳಿಸಿತು: "ವೇಗಾ ಲಾರ್ಗಾದ ಓರ್ಫೆಲಿನಾ ತನ್ನ ತಮ್ಮ ಬೆಲಿಸಾರಿಯೊಗೆ ತಿಳಿಸುವುದು: ಮೇವು ಮುಗಿದಿದೆ. ಶನಿವಾರ ಹಿಂಡಿನ ಜೊತೆ ಹಳೇ ದಾಟುವ ಜಾಗಕ್ಕೆ ಬರುತ್ತೇನೆ. ಬಂದು ನಿಂತಿರು."

ಬೆಲಿಸಾರಿಯೊ ಚಮಚ ಕೆಳಗಿಟ್ಟ. "ಇಡೀ ಕಣಿವೆಗೆ ಸಾರಿಬಿಟ್ಟಳಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ?"

ಕತ್ತಲಾಗುವ ಮೊದಲೇ ಅಂಗಳದಲ್ಲಿ ಕುದುರೆಗಳು ನಿಂತವು. ಪಕ್ಕದ ತೆಯೋಫಿಲೊ, ಅವನ ಅಣ್ಣಂದಿರು, ಇನ್ನೂ ಇಬ್ಬರು. ಸೋರೆಬುರುಡೆಯಲ್ಲಿ ಯೆರ್ಬಾ ಎಲೆಯ ಬಿಸಿ ಕಷಾಯ ಕೊಟ್ಟೆ, ಕೈಯಿಂದ ಕೈಗೆ ಹೋಯಿತು, ಯಾರಿಗೂ ಹೀರುವ ಮನಸ್ಸಿರಲಿಲ್ಲ.

"ನಿಮ್ಮಕ್ಕನ ಮೇಲೆ ನಮಗೇನೂ ಸಿಟ್ಟಿಲ್ಲ ಬೆಲಿ," ಎಂದ ತೆಯೋಫಿಲೊ. "ಆದ್ರೆ ಒಂದು ಮೇಕೆ ಈಚೆ ಸಿಕ್ಕಿಬಿದ್ರೂ ನಮ್ಮೆಲ್ಲರ ದನ ಹೊಂಡಕ್ಕೆ. ಕಸಾಯಿಖಾನೆ ಬಾಗಿಲು ಹಾಕುತ್ತೆ. ನೀನು ತಡೀತೀಯೋ, ಪೊಲೀಸರಿಗೆ ಹೇಳೋದೋ? ಪೊಲೀಸರು ಬಂದ್ರೆ ಅವಳನ್ನೂ ಒಯ್ತಾರೆ, ಹಿಂಡನ್ನೂ ಸುಡ್ತಾರೆ."

"ನಾನು ಹೋಗ್ತೀನಿ," ಎಂದ ನನ್ನ ಗಂಡ.

ಅವನಿಗೆ ಆ ರೋಗದ ಭಯ ಎಷ್ಟೆಂದು ನನಗೆ ಗೊತ್ತು. ಚಿಕ್ಕವನಿದ್ದಾಗ ಅವರಪ್ಪನ ದನಗಳಿಗೆ ಬಂದಿತ್ತಂತೆ. ಗೊರಸು ಕಳಚಿ ಮೊಣಕಾಲ ಮೇಲೆ ತೆವಳುತ್ತಿದ್ದ ಹಸುಗಳನ್ನು ಒಂದೊಂದಾಗಿ ಕೊಂದು ಸುಣ್ಣ ಸುರಿದು ಹೂತರಂತೆ. ಆ ಮೇಲೆ ಅವರಪ್ಪ ಮಾತು ಬಿಟ್ಟವನು ಸಾಯುವವರೆಗೂ ಸರಿಯಾಗಿ ಬಾಯಿ ತೆರೆಯಲಿಲ್ಲ. ಓರ್ಫೆಲಿನಾಳೂ ಅದನ್ನು ಕಂಡವಳೇ.

ಶನಿವಾರ ನಾನೂ ಹೊರಟೆ. ಬೇಡವೆಂದ, ಕೇಳಲಿಲ್ಲ. ಬಂದೂಕನ್ನು ಜೀನಿಗೆ ಕಟ್ಟಿಕೊಂಡಿದ್ದ.

ದಾಟುವ ಜಾಗದಲ್ಲಿ ಹೊಳೆ ಅಗಲ, ಆಳವಿಲ್ಲ. ಆಚೆ ಇಳಿಜಾರಿನ ತುಂಬ ಮೇಕೆಗಳು, ಬೆನ್ನಮೂಳೆ ಇಲ್ಲಿಂದಲೇ ಎಣಿಸಬಹುದಿತ್ತು. ಮುಂದೆ ಗಂಟೆ ಕಟ್ಟಿದ ಮುದಿ ಹೋತ. ಅದು ಹೋದಲ್ಲಿ ಹಿಂಡು ಹೋಗುತ್ತಿತ್ತು. ಅತ್ತಿಗೆ ಹೇಸರಗತ್ತೆಯ ಮೇಲೆ ಕೂತಿದ್ದಳು, ಎವರಿಸ್ತೊ ಹಿಂದೆ.

"ಅಕ್ಕಾ! ಅಲ್ಲೇ ನಿಲ್ಲು!"

"ನಿಂತೂ ನಿಂತೂ ಸಾಕಾಗಿದೆ ಕಣೋ!" ನೀರಿನ ಮೇಲೆ ಅವಳ ದನಿ ಸ್ಪಷ್ಟವಾಗಿ ಬಂತು. "ನಿನ್ನೆ ರಾತ್ರಿ ಹನ್ನೆರಡು ಮೇಕೆ ಸತ್ತವು. ಒಂದರ ಕೂದಲು ಒಂದು ಕಿತ್ತು ತಿಂತಿವೆ. ನನ್ನ ಕೊಟ್ಟಿಗೇಲಿ ಕೂಡಿ ಬೀಗ ಹಾಕ್ತೀನಿ, ಬೇಕಿದ್ರೆ ಆ ಡಾಕ್ಟರ್ ಹುಡುಗಿ ದಿನಾ ಬಂದು ರಕ್ತ ಹೀರಲಿ!"

"ಈಚೆ ಕಾಲಿಟ್ರೆ ಎಲ್ಲಾನೂ ಕೊಲ್ತಾರೆ, ನಮ್ಮವನ್ನೂ!"

"ಇವಕ್ಕೆ ರೋಗ ಇಲ್ಲ! ನಿನ್ನ ಕಣ್ಣಿಗೆ ಕಾಣ್ತಿಲ್ವಾ?"

"ನನ್ನ ಕಣ್ಣನ್ನ ಯಾರೂ ಕೇಳ್ತಿಲ್ಲ ಅಕ್ಕಾ!"

ಅವಳು ಹೋತದ ಪೃಷ್ಠಕ್ಕೆ ಕೋಲಿನಿಂದ ತಟ್ಟಿದಳು. ಅದು ನೀರಿಗಿಳಿಯಿತು. ಹಿಂದೆ ಹತ್ತಿಪ್ಪತ್ತು ಮೇಕೆ. ಬೆಲಿಸಾರಿಯೊ ಗಾಳಿಯಲ್ಲಿ ಒಂದು ಗುಂಡು ಹಾರಿಸಿದ. ಮೇಕೆಗಳು ಬೆದರಿ ನಿಂತವು. ಹೋತ ನಿಲ್ಲಲಿಲ್ಲ, ವಯಸ್ಸಾಗಿ ಅದಕ್ಕೆ ಕಿವಿ ಮಂದವಾಗಿತ್ತು. ಅರ್ಧ ಹೊಳೆ ದಾಟಿತು. ನಾನು "ಬೇಡ ಬೆಲಿ" ಎಂದೆನೋ, ಅಂದುಕೊಂಡೆನೋ, ಈಗ ನೆನಪಿಲ್ಲ. ಎರಡನೆಯ ಗುಂಡಿಗೆ ಅದು ಮುಂಗಾಲ ಮೇಲೆ ಕುಸಿದು ಪಕ್ಕಕ್ಕೆ ಉರುಳಿತು. ಉಳಿದವು ತಿರುಗಿ ದಡ ಹತ್ತಿದವು.

ಆಮೇಲೆ ಎವರಿಸ್ತೊ ಕೆಟ್ಟ ಮಾತಲ್ಲಿ ಬೈಯತೊಡಗಿದ, ಅತ್ತಿಗೆ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

ಹೆಣ ಹರಿವಿಗೆ ಸಿಕ್ಕಿ ನಮ್ಮ ದಡದತ್ತ ಬಂದು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರ ಕೆಳಗೆ ಸ್ವಲ್ಪ ದೂರದಲ್ಲೇ ತೆಯೋಫಿಲೊನ ದನ ನೀರು ಕುಡಿಯುವ ಜಾಗ. ಬೆಲಿಸಾರಿಯೊ ಅದನ್ನು ನೋಡುತ್ತ ನಿಂತ. ಬಂದೂಕನ್ನು ನನ್ನ ಕೈಗೆ ಕೊಟ್ಟು, ಕುದುರೆಯನ್ನು ನೀರಿಗಿಳಿಸಿದ. ಹಗ್ಗ ಎಸೆದು ಕೊಂಬಿಗೆ ಸಿಕ್ಕಿಸಿದ. ಬಂಡೆಯ ಸಂದಿಯಿಂದ ಬಿಡಿಸಲು ಸೊಂಟದವರೆಗೆ ನೀರಲ್ಲಿ ನಿಂತು ಅದನ್ನು ತಬ್ಬಿ ಎತ್ತಬೇಕಾಯಿತು. ಉತ್ತರದ ದಡಕ್ಕೆ ಎಳೆದುಕೊಂಡು ಹೋಗಿ ಅಕ್ಕನ ಮುಂದೆ ಹಾಕಿದ.

"ಬಾ ಇನ್ನು!" ಎಂದು ಕೂಗಿದೆ.

ಅವನು ತನ್ನ ಅಂಗಿಯ ಮೇಲಿನ ರಕ್ತ ನೋಡಿಕೊಂಡ. "ಹೇಗೆ ಬರಲಿ ದೆಲ್ಮಿರಾ? ಈಗ ನಾನೂ ಆಚೆಯವನೇ. ದನ ನೀನು ನೋಡಿಕೋ. ಡಾಕ್ಟರಮ್ಮನಿಗೆ ಹೇಳು."

ಅವನು ಹೇಳಿದ್ದು ಸರಿಯೇ ಇತ್ತು. ಆ ರೋಗ ಮನುಷ್ಯರ ಮೈಗೆ, ಬಟ್ಟೆಗೆ ಅಂಟಿಯೂ ಬರುತ್ತದೆ, ಹಾಗೇ ಬಂದು ನಮ್ಮ ಕೊಟ್ಟಿಗೆಗೆ ಕಾಲಿಡುವಂತಿರಲಿಲ್ಲ. ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ನನಗೂ ಕೇಳಿಸಿತು: "ಒಂದನ್ನ ಕೊಂದಿದೀಯ. ಬಾ, ಉಳಿದವು ಸಾಯೋದನ್ನೂ ನೋಡು."

ಮುಂದಿನದನ್ನು ನಾನು ಕಂಡಿಲ್ಲ, ಎವರಿಸ್ತೊ ಹೇಳಿದ್ದು. ಮೂವರೂ ಮೇಲೆ ಹೋದ ಮೇಲೆ ದೊಡ್ಡ ಹಿಮ ಬಿತ್ತು. ಕಲ್ಲಿನ ಗುಡಿಸಲೊಳಗೆ ಮರಿಗಳನ್ನು ತುಂಬಿಕೊಂಡರು. ಬೆಲಿಸಾರಿಯೊ ಬೆಳಗಿನಿಂದ ಸಂಜೆಯವರೆಗೆ ಸಲಿಕೆ ಹಿಡಿದು ಹಿಮ ಬಗೆದು, ಸಿಕ್ಕ ಒಣಹುಲ್ಲನ್ನು ಹಿಂಡಿಗೆ ತೋರಿಸುತ್ತಿದ್ದನಂತೆ. ಮೇಕೆಗಳು ಒತ್ತೊತ್ತಾಗಿ ನಿಂತು, ನಿಂತಲ್ಲೇ ಸತ್ತವು. ಸತ್ತವನ್ನು ಅಕ್ಕ ತಮ್ಮ ಎದುರುಬದುರು ಕೂತು ಸುಲಿಯುತ್ತಿದ್ದರು. ಚರ್ಮವನ್ನೂ ಮಾರುವಂತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಸುಲಿದರು. ಆ ದಿನಗಳಲ್ಲೆಲ್ಲ ಅವಳು ಅವನ ಜೊತೆ "ಚಾಕು ಕೊಡು", "ಬಾಗಿಲು ಹಾಕು" ಎಂಬುದು ಬಿಟ್ಟು ಬೇರೆ ಮಾತಾಡಲಿಲ್ಲ. ಚೆದುರಿದ ಮೇಕೆ ಹುಡುಕಲು ಹೋದ ಎವರಿಸ್ತೊನ ಕಾಲು ಹಿಮಕ್ಕೆ ಮರಗಟ್ಟಿ ಕಪ್ಪಾದವು. ಬೆಲಿಸಾರಿಯೊ ಅವನನ್ನು ಹೇಸರಗತ್ತೆಗೆ ಕಟ್ಟಿ ಉತ್ತರದ ಪೇಟೆಯ ಆಸ್ಪತ್ರೆಗೆ ಇಳಿಸಿದ. ಎಡಗಾಲಿನ ಬೆರಳುಗಳನ್ನೆಲ್ಲ ತೆಗೆದರು, ಬಲಗಾಲಿನಲ್ಲಿ ಎರಡು ಉಳಿದವು.

ಮೇ ಕೊನೆಯಲ್ಲಿ ರೇಡಿಯೊದಲ್ಲಿ ಹೇಳಿದರು. ಆ ಹಸುವಿಗೆ ಇದ್ದದ್ದು ಕಾಲುಬಾಯಿ ರೋಗವೇ ಅಲ್ಲ. ಯಾವುದೋ ಸುಡುವ ಗಿಡ ತಿಂದು ಬಾಯಲ್ಲಿ ಬೊಕ್ಕೆ ಎದ್ದಿತ್ತಂತೆ. ಗೇಟು ತೆರೆಯಿತು.

ಅವರು ಇಳಿದು ಬಂದ ದಿನ ನಾನು ಗೇಟಿನಲ್ಲಿದ್ದೆ. ಮುನ್ನೂರರಷ್ಟಿದ್ದ ಹಿಂಡಿನಲ್ಲಿ ಉಳಿದದ್ದು ಒಂದು ಸಣ್ಣ ಕೋಣೆಯಲ್ಲಿ ಕೂಡಬಹುದಾದಷ್ಟು. ನನ್ನ ಗಂಡ ಹಿಂದೆ ನಡೆದು ಬರುತ್ತಿದ್ದ, ಗಡ್ಡ ಬೆಳೆದು ಗುರುತು ಸಿಗುವಂತಿರಲಿಲ್ಲ. ಇವಾನಾ ಸೂಜಿ ಹಿಡಿದು ನಿಂತಿದ್ದಳು.

"ನಾನು ಬರೆದಿದ್ದೆ ಓರ್ಫೆಲಿನಾ. ಮೂರು ಸಲ ಬರೆದಿದ್ದೆ."

"ಗೊತ್ತಮ್ಮ, ನೀನು ಬರೀತೀಯ," ಎಂದಳು ಅತ್ತಿಗೆ. ಆ ದನಿಯಲ್ಲಿ ಕೊಂಕು ಇರಲಿಲ್ಲ. "ಬೇಗ ಚುಚ್ಚು. ಇವಕ್ಕೆ ಚಳಿಯಾಗ್ತಿದೆ."

ಮುಂದಿನ ಬೇಸಿಗೆಯಲ್ಲಿ ಮಾಂಸ ಕೊಳ್ಳುವ ದೇಶದ ಅಧಿಕಾರಿಗಳು ಬಂದರು. ಇವಾನಾ ಅವರನ್ನು ಕುದುರೆ ಹತ್ತಿಸಿ ವೇಗಾ ಲಾರ್ಗಾಕ್ಕೆ ಕರೆದೊಯ್ದಳು. ದಾರಿ ತೋರಿಸಲು ಅತ್ತಿಗೆಯನ್ನು ಕೇಳಿದಾಗ ಒಲ್ಲೆನೆಂದಳು, ಬೆಲಿಸಾರಿಯೊ ಹೋದ. ಹೇಸರಗತ್ತೆ ಇಳಿಯುವಷ್ಟು ಕಾಲುದಾರಿ ಬಿಟ್ಟರೆ ಆಚೆಗೆ ರಸ್ತೆಯಿಲ್ಲ, ಬಯಲಿನ ದನ ಈ ಶಿಖರ ಹತ್ತಿ ಬರುವುದು ಸಾಧ್ಯವೇ ಇಲ್ಲ ಎಂದು ಅವರು ಕಣ್ಣಾರೆ ಕಂಡರು, ಫೋಟೊ ತೆಗೆದುಕೊಂಡರು. ಚಳಿಗಾಲದ ಹೊತ್ತಿಗೆ ಆದೇಶ ಬಂತು. ಗೆರೆ ಹೊಳೆಯಿಂದ ಬೆಟ್ಟದ ನೆತ್ತಿಗೆ ಸರಿದಿತ್ತು. ಈಗ ವೇಗಾ ಲಾರ್ಗಾ ನಮ್ಮ ಸೀಮೆಗೇ ಸೇರಿದ್ದು. ಬಿಲ್ಲೆ ಬೇಡ, ಸೂಜಿ ಬೇಡ.

ಆದರೆ ಅಷ್ಟರಲ್ಲಿ ಅತ್ತಿಗೆ ಉಳಿದ ಮೇಕೆಗಳನ್ನು ಮಾರಿ ನಮ್ಮ ದಡದ ಪೇಟೆಗೆ ಇಳಿದಿದ್ದಳು. ಬೆರಳಿಲ್ಲದ ಕಾಲಲ್ಲಿ ಎವರಿಸ್ತೊ ಬೆಟ್ಟ ಹತ್ತುವಂತಿರಲಿಲ್ಲ. ಅವಳಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ಜೊತೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತೇನೆ. ಬೆಲಿಸಾರಿಯೊ ಪೇಟೆಗೆ ಬಂದರೂ ಶಾಲೆಯ ಬೀದಿಗೆ ಬರುವುದಿಲ್ಲ, ಲಾರಿಯಲ್ಲೇ ಕೂತಿರುತ್ತಾನೆ. ಆ ಚಳಿಗಾಲ ಎದೆಗೆ ಹತ್ತಿದ ಕೆಮ್ಮು ಅವನನ್ನು ಬಿಟ್ಟಿಲ್ಲ.

ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ. "ಅವನು ಅಂದು ಮಾಡಿದ್ದು ತಪ್ಪು ಅಂತೀಯಾ ಅತ್ತಿಗೆ?"

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ತಪ್ಪಲ್ಲ. ನಾನು ಆ ದಡದಲ್ಲಿ ದನ ಕಟ್ಟಿಕೊಂಡಿದ್ರೆ ನಾನೂ ಹೊಡೀತಿದ್ದೆ. ಅಪ್ಪನ ಹಸುಗಳನ್ನ ನಾನೂ ನೋಡಿದೀನಿ. ಹಾಗಂತ ಅವನ ಮುಖ ನೋಡೋಕೆ ನನ್ನಿಂದ ಆಗಲ್ಲ ಕಣೇ. ನೋಡಿದ್ರೆ ನನಗೆ ಕಾಣೋದು ಅವನಲ್ಲ."

ಗಂಜಿ ಕುದಿಯುತ್ತಿತ್ತು. ಎದ್ದು ಹೋಗಿ ಕಲಕಿದಳು, ಉಪ್ಪು ನೋಡಿದಳು.

ಈಗ ನಾಲ್ಕು ಬೇಸಿಗೆ ಕಳೆದಿವೆ. ವೇಗಾ ಲಾರ್ಗಾದಲ್ಲಿ ಹುಲ್ಲು ಮೊಣಕಾಲವರೆಗೆ ಬೆಳೆದು ನಿಂತಿದೆ ಎಂದು ಮೇಲೆ ಹೋದವರು ಹೇಳುತ್ತಾರೆ. ಅಲ್ಲಿಗೆ ಹಿಂಡು ಹೊಡೆಯುವವರು ಯಾರೂ ಇಲ್ಲ.