ಒಂದು ಚೀಟಿ ಹಿಂದೆ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಬೆನ್ನಿಗೆ, ಹಿಂದೆ ಹರಕು ಹಾಸಿಗೆ ಪೇರಿಸಿಡುತ್ತಿದ್ದ ಒಂದು ಕೋಣೆ. ಅದನ್ನು ಗುಡಿಸಿ ಒರೆಸಿ, ಒಂದು ಮೇಜು, ಮೂರು ಕುರ್ಚಿ, ಒಂದು ಧ್ವನಿಮುದ್ರಕ ಇಟ್ಟು ಸಂಶೋಧನೆಗೆ ಕೂತವಳು ಅವಳು. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ತೂಗುತ್ತಿದ್ದುದರಿಂದ ರೋಗಿಗಳ ಮನೆಯವರು ಅವಳಿಗೆ ಟಿಕ್‌ಟಿಕ್ ಮೇಡಂ ಎಂದು ಹೆಸರಿಟ್ಟಿದ್ದರು. ಅವಳ ಕಿವಿಗೂ ಅದು ಬಿದ್ದಿತ್ತು. ಬಿದ್ದರೆ ಬೀಳಲಿ, ಕೆಲಸ ಮಾಡುವವರಿಗೆ ಒಂದಲ್ಲ ಒಂದು ಅಡ್ಡಹೆಸರು ಇದ್ದೇ ಇರುತ್ತದೆ ಎಂದುಕೊಂಡು ಸುಮ್ಮನಿದ್ದಳು.

ಪಾರ್ಶ್ವವಾಯು ಬಡಿದಾಗ ಕೆಲವರಿಗೆ ಕೈಕಾಲಿನ ಜೊತೆ ಮಾತೂ ಕೈಕೊಡುತ್ತದೆ. ಅದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆ ಇರುತ್ತದೆ, ಗಂಟಲು ಇರುತ್ತದೆ, ಬುದ್ಧಿಯೂ ಇರುತ್ತದೆ, ಬೇಕಾದ ಪದ ಮಾತ್ರ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಅಂಥವರಲ್ಲಿ ಎಷ್ಟು ಭಾಷೆ ಉಳಿದಿದೆ ಎಂದು ಅಳೆಯುವುದೇ ಅವಳ ಸಂಶೋಧನೆ. ನಲವತ್ತು ಚಿತ್ರದ ಚೀಟಿ. ಒಂದೊಂದನ್ನೇ ಮುಂದಿಡುವುದು, "ಇದೇನು?" ಎನ್ನುವುದು, ಐದು ಸೆಕೆಂಡು ಕಾಯುವುದು. ಉತ್ತರ ಬಂದರೆ ಒಂದು ಅಂಕ, ಬಾರದಿದ್ದರೆ ಸೊನ್ನೆ, ಮುಂದಿನ ಚೀಟಿ. ಮೂರು ವರ್ಷದಲ್ಲಿ ಮೂವತ್ತೆಂಟು ಜನರನ್ನು ಹೀಗೆ ಅಳೆದಾಗಿತ್ತು.

ಮೂವತ್ತೊಂಬತ್ತನೆಯವನು ಒಬ್ಬ ಬಡಗಿ.

ಅರವತ್ತು ದಾಟಿದ ಆಸಾಮಿ. ಬಾಗಿಲು, ಕಿಟಕಿ, ತೊಟ್ಟಿಲು, ಯಾವುದನ್ನು ಹೇಳಿದರೂ ಮಾಡಿಕೊಡುವ ಕೈ. ಮಾತಿಗೂ ಅಷ್ಟೇ ಹೆಸರುವಾಸಿಯಂತೆ. ಗಿರಾಕಿ ಬೈಯಲು ಬಂದರೆ ನಗಿಸಿ ಕಳಿಸುತ್ತಿದ್ದನಂತೆ. ಈಗ ಬಲಗೈ ಮಡಿಲಲ್ಲಿ ಬಿದ್ದಿತ್ತು, ಬಾಯಿ ಅರ್ಧ ತೆರೆದು ನಿಂತುಬಿಡುತ್ತಿತ್ತು. ಹೆಂಡತಿ ತೀರಿಹೋಗಿ ಬಹಳ ದಿನವಾಗಿತ್ತು. ಎಂಟು ತಿಂಗಳಿಂದ ಸ್ನಾನ, ಊಟ, ಔಷಧಿ, ಎಲ್ಲ ನೋಡಿಕೊಳ್ಳುತ್ತಿದ್ದವನು ತಮ್ಮ.

ತಮ್ಮ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅಣ್ಣನೆಂದರೆ ಪ್ರಾಣ. ಆದರೆ ಬಾಯಿಗೆ ಬಿಡುವಿಲ್ಲ. "ನೀರು ಬೇಕಾ ಅಣ್ಣ? ಬೇಕಂತೆ. ಸೆಕೆ ಆಗ್ತಿದೆಯಾ? ಆಗ್ತಿದೆಯಂತೆ." ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಮಾತಾಡುವಾಗ ಪ್ಯಾಂಟಿನ ಜೇಬಿನಲ್ಲಿ ಕೈ ಹಾಕಿ ಅಣ್ಣನ ಮರಗೆಲಸದ ಕಾರ್ಖಾನೆಯ ಬೀಗದ ಕೈ ಗೊಂಚಲನ್ನು ಝಣಝಣ ಅನ್ನಿಸುವುದು ಬೇರೆ. ಸೋಮವಾರದ ಪರೀಕ್ಷೆಯಲ್ಲಿ ಆ ಸದ್ದು ಧ್ವನಿಮುದ್ರಣಕ್ಕೆ ಅಡ್ಡಿಯಾಗಿ, ಅವಳು ಅವನನ್ನು ಹೊರಗೇ ಕೂರಿಸಿದ್ದಳು.

ಆ ಪರೀಕ್ಷೆ ಬರೀ ಸಂಶೋಧನೆಗಲ್ಲ. ಇನ್ನು ಮುಂದೆ ಅಣ್ಣನ ಪರವಾಗಿ ಎಲ್ಲ ತೀರ್ಮಾನವನ್ನೂ ತಾನೇ ಮಾಡಲು ಅನುಮತಿ ಬೇಕೆಂದು ತಮ್ಮ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದ್ದ. ಅನುಮತಿ ಸಿಕ್ಕರೆ ಕಾರ್ಖಾನೆ ಮುಚ್ಚುವುದು, ಯಂತ್ರ, ಉಪಕರಣ ಎಲ್ಲ ಮಾರುವುದು. ಶುಕ್ರವಾರ ವಿಚಾರಣೆ. ಬಡಗಿಗೆ ಕೇಳಿದ್ದು ಅರ್ಥವಾಗುತ್ತದೆಯೇ, ತನ್ನ ತೀರ್ಮಾನ ತಾನೇ ಹೇಳಬಲ್ಲನೇ ಎಂದು ಇವಳು ಗುರುವಾರ ಮಧ್ಯಾಹ್ನದೊಳಗೆ ವರದಿ ಕೊಡಬೇಕು.

ಬಡಗಿಗೆ ಬಂದದ್ದು ನಲವತ್ತಕ್ಕೆ ಆರು.

ಆರು ಎಂದರೆ ವರದಿ ತಾನೇ ಬರೆದುಕೊಂಡ ಹಾಗೆ. "ಗ್ರಹಿಕೆ ತೀರಾ ಕಡಿಮೆ" ಎಂಬ ಸಾಲನ್ನು ಅವಳು ಮಂಗಳವಾರ ಬೆಳಿಗ್ಗೆ ಟೈಪ್ ಮಾಡಿಯೂ ಆಗಿತ್ತು. ಉತ್ತರಗಳೋ, ಅಡ್ಡಾದಿಡ್ಡಿ. ಚಮಚ ತೋರಿಸಿದರೆ "ಬೀಗದ ಕೈ" ಎಂದಿದ್ದ. ಛತ್ರಿ ತೋರಿಸಿದರೆ "ಚಮಚ". ಇಂಥದ್ದಕ್ಕೆ ಅವಳ ಕಸುಬಿನಲ್ಲಿ ಒಂದು ಗುರುತು ಇದೆ. ಮಿದುಳು ಹಿಂದೆ ನೋಡಿದ್ದಕ್ಕೇ ಅಂಟಿಕೊಂಡಿದೆ, ಮುಂದಕ್ಕೆ ಹೋಗುತ್ತಿಲ್ಲ ಎಂದು ಅದರ ಅರ್ಥ. ಇಪ್ಪತ್ನಾಲ್ಕು ಕಡೆ ಆ ಗುರುತು ಹಾಕಿದ್ದಳು. ಗುರುತು ಸಿದ್ಧವಿದ್ದರೆ ಯೋಚನೆ ಯಾಕೆ ಹೇಳಿ.

ಆದರೂ ಒಂದು ನಿಯಮವಿತ್ತು. ಪ್ರತಿ ಧ್ವನಿಮುದ್ರಣವನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿ, ಮೌನವೂ ಎಷ್ಟು ಸೆಕೆಂಡೆಂದು ಬರೆಯಬೇಕು. ಬೇಜಾರಿನ ಕೆಲಸ. ಆಕಳಿಸುತ್ತ ಬರೆದಳು. ಲಿಫ್ಟು ಧಡ್ ಎಂದು ನಿಂತದ್ದೂ ಬರೆದಳು. ನಲವತ್ತನೇ ಚೀಟಿ ಏಣಿ. ಐದು ಸೆಕೆಂಡು ಮೌನ. ಆಮೇಲೆ ಅವಳದೇ ದನಿ, "ಆಯ್ತು, ಮುಗೀತು, ಚೆನ್ನಾಗಿ ಮಾಡಿದ್ರಿ." ಚೀಟಿ ಜೋಡಿಸುವ ಸದ್ದು. ಕುರ್ಚಿ ಎಳೆದ ಸದ್ದು. ನಿಲ್ಲಿಸಲು ಮರೆತ ಧ್ವನಿಮುದ್ರಕದಲ್ಲಿ, ಮೆಲ್ಲಗೆ, ಬಡಗಿಯ ದನಿ.

"ಏಣಿ."

ಅದಕ್ಕೆ ಅವಳ ಉತ್ತರ, "ಹಾಂ ಹಾಂ, ಹೋಗಿ ಬನ್ನಿ."

ಅವಳು ಧ್ವನಿಮುದ್ರಕ ನಿಲ್ಲಿಸಿದಳು. ಮುಂದೆ ಯಾವ ಚೀಟಿಯೂ ಇರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. ಆ ಮನುಷ್ಯ ಕೊನೆಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ, ಅಷ್ಟೇ. ಸರಸರನೆ ಹಾಳೆಗಳನ್ನು ಹಿಂದಕ್ಕೆ ತಿರುವಿ, ಉತ್ತರಗಳ ಸಾಲನ್ನು ಒಂದು ಮನೆ ಮೇಲಕ್ಕೆ ಸರಿಸಿ ನೋಡಿದಳು. ಬೀಗದ ಕೈಗೆ "ಬೀಗದ ಕೈ". ಚಮಚಕ್ಕೆ "ಚಮಚ". ಛತ್ರಿಗೆ "ಛತ್ರಿ". ಅಂಟಿಕೊಂಡ ಮಿದುಳಾಗಿದ್ದರೆ ಒಂದೇ ಪದವನ್ನು ನಾಲ್ಕು ಸಲ ಹೇಳಬೇಕಿತ್ತು. ಇವನು ಒಂದನ್ನೂ ಎರಡು ಸಲ ಹೇಳಿರಲಿಲ್ಲ. ಆ ಆರು ಸುಲಭದ ಪದ ಬಿಟ್ಟರೆ ಉಳಿದ ಒಂದೊಂದು ಪದಕ್ಕೂ ಅವನಿಗೆ ಒಂಬತ್ತು ಸೆಕೆಂಡು ಬೇಕಿತ್ತು, ಇವಳು ಐದಕ್ಕೇ ಚೀಟಿ ಎಳೆದುಕೊಂಡಿದ್ದಳು. ನಲವತ್ತಕ್ಕೆ ಆರಲ್ಲ, ಮೂವತ್ತೊಂದು!

"ಥೂ ನನ್ನ ಜನ್ಮಕ್ಕೆ," ಎಂದಳು ಗಟ್ಟಿಯಾಗಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಜ್ಜಿ ಸಾವಿರ ಸಲ ಹೇಳಿದ್ದಳು. ಆತುರಕ್ಕೆ ಸ್ಟಾಪ್‌ವಾಚ್ ಕಟ್ಟಿದರೆ ಅದು ವಿಜ್ಞಾನವಾಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ಹಾಳೆ ಎತ್ತಿಕೊಂಡು ನೇರ ತನ್ನ ಮಾರ್ಗದರ್ಶಿ ಪ್ರೊಫೆಸರರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು.

"ನೀನು ಹೇಳ್ತಿರೋದು ಸರಿನೇ ಇರಬಹುದಮ್ಮ. ಆದ್ರೆ ಐದು ಸೆಕೆಂಡು ಎಲ್ಲರೂ ಪಾಲಿಸೋ ನಿಯಮ. ಇವನೊಬ್ಬನಿಗೆ ಅದು ತಪ್ಪು ಅಂದ್ರೆ ಆ ಮೂವತ್ತೆಂಟು ಜನಕ್ಕೂ ತಪ್ಪಿರಬಹುದು ಅಂತ ಆಯ್ತಲ್ಲ? ಮೂರು ವರ್ಷದ ಕೆಲಸ ನೀರಲ್ಲಿ ಹೋಮ."

"ಹೋಗ್ಲಿ ಸಾರ್."

"ಹೋಗ್ಲಿ ಅನ್ನೋಕೆ ಅದೇನು ಹಳೇ ಚಪ್ಪಲಿನಾ?"

"ಮೂವತ್ತೆಂಟು ಜನರನ್ನೂ ಮತ್ತೆ ಕರೀತೀನಿ. ಬರಲಾರದವರ ಮನೆಗೆ ನಾನೇ ಹೋಗ್ತೀನಿ. ಇನ್ನೂ ಮೂರು ವರ್ಷ ಆಗ್ಲಿ. ಆದ್ರೆ ಅವರಿಗೆ ಅರ್ಥ ಆಗಲ್ಲ ಅಂತ ಮಾತ್ರ ನಾನು ಬರೆಯಲ್ಲ ಸಾರ್. ಅರ್ಥ ಆಗದೇ ಇದ್ದಿದ್ದು ನನಗೆ."

ಆ ಮೂವತ್ತೆಂಟರಲ್ಲಿ ಎಷ್ಟು ಜನರಿಗೆ "ಹೋಗಿ ಬನ್ನಿ" ಎಂದಿದ್ದಳೋ. ಪ್ರೊಫೆಸರರು ನಿಟ್ಟುಸಿರು ಬಿಟ್ಟು, "ಹಿಡಿದ ಹಟ ಬಿಡೋಳಲ್ಲ ನೀನು. ನಾಳೆ ಮತ್ತೆ ಪರೀಕ್ಷೆ ಮಾಡು. ಧ್ವನಿಮುದ್ರಣ ಜೊತೆಗಿಟ್ರೆ ವರದಿಗೆ ನಾನೂ ಸಹಿ ಹಾಕ್ತೀನಿ," ಎಂದರು.

ಬುಧವಾರ ಬಡಗಿಯನ್ನು ಮತ್ತೆ ಕರೆಸಿದಳು. ಈ ಸಲ ತಮ್ಮನನ್ನು ಹೊರಗೆ ಕಳಿಸಲಿಲ್ಲ. ಬೀಗದ ಕೈ ಗೊಂಚಲನ್ನು ಮೇಜಿನ ಖಾನೆಗೆ ಹಾಕಿಸಿ, ಕೊರಳಿನ ಸ್ಟಾಪ್‌ವಾಚ್ ಬಿಚ್ಚಿ ಅವನ ಕೈಗೇ ಕೊಟ್ಟಳು.

"ನಿಮಗೊಂದು ಕೆಲಸ. ಇಪ್ಪತ್ತು ಸೆಕೆಂಡು ಆಗೋವರೆಗೂ ಬಾಯಿ ಬಿಡಬಾರದು."

"ಅದೇನು ಮಹಾ, ಮೇಡಂ," ಎಂದ ತಮ್ಮ.

ಮಹಾ ಆಗಿಯೇ ಇತ್ತು. ಮೊದಲನೇ ಚೀಟಿ ಗರಗಸ. ಮೂರನೇ ಸೆಕೆಂಡಿಗೆ ತಮ್ಮನ ತುಟಿ ಅಲುಗಿತು. ಐದಕ್ಕೆ ಕುತ್ತಿಗೆಯ ನರ ಉಬ್ಬಿತು. ಏಳಕ್ಕೆ ಅವನೇ ಪಾರ್ಶ್ವವಾಯು ಬಡಿಸಿಕೊಳ್ಳುತ್ತಾನೇನೋ ಅನ್ನಿಸಿ ಅವಳು ನೀರಿನ ಲೋಟ ಹತ್ತಿರ ಸರಿಸಿದಳು. ಒಂಬತ್ತಕ್ಕೆ ಬಡಗಿ ಎಂದ, "ಗರಗಸ."

ಎರಡನೇ ಚೀಟಿ, ಎಂಟು ಸೆಕೆಂಡು. ಮೂರನೆಯದು, ಹತ್ತು. ಹದಿನೈದು ಚೀಟಿ ಆಗುವ ಹೊತ್ತಿಗೆ ತಮ್ಮ ಸ್ಟಾಪ್‌ವಾಚ್ ನೋಡುವುದನ್ನೇ ಬಿಟ್ಟು ಅಣ್ಣನ ಮುಖ ನೋಡುತ್ತಿದ್ದ. ಇಪ್ಪತ್ತಾದ ಮೇಲೆ ಅವಳು ಚೀಟಿ ಬದಿಗಿಟ್ಟು ನೇರ ಪ್ರಶ್ನೆ ಕೇಳಿದಳು. "ಈ ಮೇಜು ಹೇಗಿದೆ?"

ಬಡಗಿ ಎಡಗೈಯಲ್ಲಿ ಮೇಜಿನ ಅಂಚು ಸವರಿದ. ಅದರ ಕಾಲು ಅಲುಗಿಸಿ ನೋಡಿದ. ಹದಿಮೂರು, ಹದಿನಾಲ್ಕು, ಹದಿನೈದು.

"ದ... ದರಿದ್ರ."

ಮೂವರೂ ಬಿದ್ದು ಬಿದ್ದು ನಕ್ಕರು. ನಗುತ್ತಿದ್ದ ತಮ್ಮ ಇದ್ದಕ್ಕಿದ್ದ ಹಾಗೆ ಅಳತೊಡಗಿದ.

"ಎಂಟು ತಿಂಗಳು ಮೇಡಂ. ಎಂಟು ತಿಂಗಳಿಂದ ಇವನ ಬಾಯಿಗೆ ನಾನೇ ಅಡ್ಡ ಕೂತಿದ್ನಾ?"

"ನೀವೊಬ್ಬರೇ ಅಲ್ಲ. ನಾನೂ ಕೂತಿದ್ದೆ. ಸೋಮವಾರ ಇವರು ಒಂದು ಚೀಟಿ ಹಿಂದೆ ಉತ್ತರ ಕೊಡ್ತಾ ಇದ್ರು, ನಾನು ಸೊನ್ನೆ ಹಾಕ್ತಾ ಇದ್ದೆ."

ಇಷ್ಟಕ್ಕೆ ಅವನು ಅರ್ಜಿ ವಾಪಸು ತೆಗೆದುಕೊಂಡ ಎಂದುಕೊಳ್ಳಬೇಡಿ. ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡು, "ಗರಗಸ ಅನ್ನೋದು ಬೇರೆ, ಗರಗಸದ ಮುಂದೆ ಒಂದೇ ಕೈಯಲ್ಲಿ ನಿಲ್ಲೋದು ಬೇರೆ. ಇವನು ಇನ್ನೊಂದು ಸಲ ಬಿದ್ರೆ ಹೊತ್ಕೊಂಡು ಬರೋನು ನಾನೇ ಅಲ್ವಾ? ವಿಚಾರಣೆ ನಡೀಲಿ ಮೇಡಂ," ಎಂದ. ಗೊಂಚಲನ್ನು ಕೇಳಿ ಪಡೆದು ಜೇಬಿಗೆ ಹಾಕಿಕೊಂಡ. ಬಡಗಿ ಆ ಜೇಬನ್ನೇ ನೋಡುತ್ತ ಕುಂಟುತ್ತ ನಡೆದ.

ಗುರುವಾರ ಹನ್ನೊಂದಕ್ಕೇ ವರದಿ ಹೋಯಿತು. "ಕೇಳಿದ್ದು ಅರ್ಥವಾಗುತ್ತದೆ. ಉತ್ತರಕ್ಕೆ ಇಪ್ಪತ್ತು ಸೆಕೆಂಡು ಕಾಯಲೇಬೇಕು," ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದಳು.

ಶುಕ್ರವಾರ ವಿಚಾರಣೆಯ ಕೋಣೆಯ ಹೊರಗೆ ಇನ್ನೂ ಹನ್ನೊಂದು ಕುಟುಂಬಗಳು ಬೆಂಚು ತುಂಬಿ ಕೂತಿದ್ದವು. ಒಳಗೆ ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ. ಅಧಿಕಾರಿ ವರದಿಯ ಮೇಲೆ ಕಣ್ಣಾಡಿಸಿ, ಅವಳ ಕಡೆ ಬೆರಳು ತೋರಿಸಿ ಹೇಳಿದರು. "ನೀವು ಕೇಳಿದಾಗ ಮಾತ್ರ ಮಾತಾಡಿ. ನಡುವೆ ಬಾಯಿ ಹಾಕಿದ್ರೆ ಹೇಳಿಕೊಟ್ಟ ಹಾಗಾಗುತ್ತೆ, ವಿಚಾರಣೆ ರದ್ದಾಗುತ್ತೆ."

ಅವಳು ತಲೆಯಾಡಿಸಿ ಕೂತಳು. ಬಡಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದ. ಪಕ್ಕದಲ್ಲಿ ತಮ್ಮ.

"ನಿಮ್ಮ ಪಕ್ಕದಲ್ಲಿ ಕೂತಿರೋರು ಯಾರು?" ಎಂದು ಅಧಿಕಾರಿ ಕೇಳಿದರು.

ಬಡಗಿಯ ತುಟಿ ತೆರೆದುಕೊಂಡಿತು. ಅಧಿಕಾರಿಯೂ ಕಾದರು, ಕಾಯಲಿಲ್ಲ ಎನ್ನುವ ಹಾಗಿಲ್ಲ. ಒಂದು, ಎರಡು, ಮೂರು. ಅವರ ಪೆನ್ನು ಮೇಜಿನ ಮೇಲೆ ಟಕಟಕ ಅನ್ನತೊಡಗಿತು. ಐದು. ಆರು. ಇಪ್ಪತ್ತು ಸೆಕೆಂಡು ಎಂದು ಓದುವುದು ಸುಲಭ, ಎದುರಿಗೆ ಒಬ್ಬ ಬಾಯಿ ತೆರೆದು ಕೂತಿರುವಾಗ ಕಾಯುವುದು ಮಹಾ ಕಷ್ಟ. ಹೊರಗೆ ಬೆಂಚಿನಲ್ಲಿ ಯಾರದೋ ಮಗು ಕಿರುಚಿತು.

"ಹೋಗ್ಲಿ ಬಿಡಿ. ನಿಮ್ಮ ಕಾರ್ಖಾನೆ ಯಾರ ಕೈಲಿರಬೇಕು? ಅದನ್ನ ಹೇಳಿ."

ಎರಡು ಸೆಕೆಂಡು ಕಳೆಯಿತು.

"ತಮ್ಮ," ಎಂದ ಬಡಗಿ. ಸ್ಪಷ್ಟವಾಗಿ, ಕೋಣೆಗೆಲ್ಲ ಕೇಳುವಂತೆ.

"ನೋಡಿ, ಎಷ್ಟು ಚೆನ್ನಾಗಿ ಹೇಳಿದ್ರು! ಬರ್ಕೊಳ್ಳಿ. ಕಾರ್ಖಾನೆ ತಮ್ಮನ ಕೈಲಿರಬೇಕು."

ಗುಮಾಸ್ತನ ಪೆನ್ನು ಓಡಿತು. ಅವಳು ಅರ್ಧ ಎದ್ದಿದ್ದಳು. ಅಧಿಕಾರಿಯ ಅಂಗೈ ಮೇಲೆದ್ದಿತು. ಒಂದು ಮಾತಾಡಿದರೆ ಎಲ್ಲ ರದ್ದು, ಆಡದಿದ್ದರೆ ಎಲ್ಲ ಮುಗಿಯಿತು. ಹಲ್ಲು ಕಚ್ಚಿ ನಿಂತಳು. ಅವಳ ಜೀವಮಾನದಲ್ಲಿ ಅಷ್ಟು ಸಿಟ್ಟು, ಅಷ್ಟು ನಿಸ್ಸಹಾಯಕತೆ ಒಟ್ಟಿಗೆ ಬಂದದ್ದಿಲ್ಲ. ಕಾಯುವುದನ್ನು ಕಲಿಯಲು ತನಗೆ ಮೂರು ವರ್ಷ ಬೇಕಾಯಿತು, ಈ ಮನುಷ್ಯ ಒಂದು ಬೆಳಿಗ್ಗೆಯಲ್ಲಿ ಹೇಗೆ ಕಲಿತಾನು?

ಬಡಗಿ ಗುಮಾಸ್ತನ ಪೆನ್ನನ್ನು ನೋಡಿದ. ತಲೆ ಅಡ್ಡಡ್ಡ ಆಡಿಸಿದ. ಆಗಲೇ ಅಧಿಕಾರಿ ಹಾಳೆ ತಿರುವುತ್ತಿದ್ದರು.

"ಬರೀಬೇಡಿ ಸಾರ್."

ಮಾತಾಡಿದವನು ತಮ್ಮ. ಎದ್ದು ನಿಂತಿದ್ದ.

"ಅದು ಮೊದಲನೇ ಪ್ರಶ್ನೆಗೆ ಉತ್ತರ ಸಾರ್. ಪಕ್ಕದಲ್ಲಿ ಯಾರು ಅಂದ್ರಿ, ತಮ್ಮ ಅಂದ. ಎರಡನೇದಕ್ಕೆ ಅವನಿನ್ನೂ ಹೇಳೇ ಇಲ್ಲ. ಇವನು ಒಂದು ಹಿಂದೆ ಇರ್ತಾನೆ ಸಾರ್. ಒಂದೇ ಒಂದು."

"ಏನ್ರೀ ಇದು, ಅರ್ಜಿ ಹಾಕಿದವರು ನೀವೇ ಅಲ್ವಾ?" ಅಧಿಕಾರಿ ಹುಬ್ಬೇರಿಸಿದರು. "ಬರೆದದ್ದು ನಿಮ್ಮ ಪರವಾಗಿಯೇ ಇದೆ."

"ನನ್ನ ಪರವಾಗಿದ್ರೂ ಸುಳ್ಳು ಸುಳ್ಳೇ ಸಾರ್. ಇನ್ನೊಂದು ಸಲ ಕೇಳಿ. ಕೇಳಿಬಿಟ್ಟು ಸುಮ್ನಿರಿ. ದಮ್ಮಯ್ಯ, ಯಾರೂ ಮಾತಾಡಬೇಡಿ."

ಅಧಿಕಾರಿ ವರದಿಯನ್ನು ಮತ್ತೆ ಎತ್ತಿಕೊಂಡರು. ಈ ಸಲ ನಿಧಾನವಾಗಿ ಓದಿದರು. ಗುಮಾಸ್ತನಿಗೆ ಸನ್ನೆ ಮಾಡಿದರು, ಅವನು ಬರೆದ ಸಾಲಿಗೆ ಗೀಟು ಎಳೆದ. ಆಮೇಲೆ ಅವರು ಕೈಲಿದ್ದ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ನಿಮ್ಮ ಕಾರ್ಖಾನೆ ಯಾರ ಕೈಲಿರಬೇಕು?"

ಅವಳು ಕೂತಳು. ಕೊರಳಿನ ಸ್ಟಾಪ್‌ವಾಚ್ ಒತ್ತಲಿಲ್ಲ, ಮರೆತೇಹೋಗಿತ್ತು. ಬಡಗಿಯ ತುಟಿ ತೆರೆಯಿತು, ಮುಚ್ಚಿತು. ಹಣೆಯಲ್ಲಿ ಬೆವರು ಮೂಡಿತು. ತಮ್ಮ ತನ್ನ ಬಾಯಿಯನ್ನು ತನ್ನದೇ ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದ. ಹೊರಗಿನ ಮಗುವೂ ಸುಮ್ಮನಾಗಿತ್ತು.

ಬಡಗಿ ಎಡಗೈ ಎತ್ತಿ ತಮ್ಮನ ಕಡೆ ಚಾಚಿದ.

"ಬೀಗದ... ಕೈ," ಎಂದ. ಉಸಿರು ಎಳೆದುಕೊಂಡ. ಇನ್ನೂ ಮುಗಿದಿಲ್ಲವೆಂದು ಎಲ್ಲರಿಗೂ ತಿಳಿಯಿತು, ಎಲ್ಲರೂ ಕಾದರು. "ಕೊಡು."

ತಮ್ಮ ಜೇಬಿಗೆ ಕೈ ಹಾಕಿ ಗೊಂಚಲನ್ನು ಹೊರತೆಗೆದು, ಅಣ್ಣನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದ.

"ಬರ್ಕೊಳ್ಳಿ," ಎಂದರು ಅಧಿಕಾರಿ.